ಡಿಗ್ರಿಗೆ ಸಿನಿಮಾನೇ ತಗೊಳ್ಳಲಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ನನಗೆ ಸಿನಿಮಾನೇ ಓದಬೇಕು. ಅಪ್ಪ "ಮೊದಲು ಒಂದು ಡಿಗ್ರಿ ಮಾಡು, ಆಮೇಲೆ ನೋಡೋಣ" ಅನ್ನುತ್ತಾರೆ. ಬೇರೆ ಏನೋ ಓದಿದರೆ ಮೂರು ವರ್ಷ ದಂಡ ಅಲ್ವಾ? ಪುಣೆಯ ಇನ್‌ಸ್ಟಿಟ್ಯೂಟ್‌ಗೆ ಈಗಲೇ ಅರ್ಜಿ ಹಾಕಬಹುದಾ?
- ಓದುಗಳು, ತೀರ್ಥಹಳ್ಳಿ

ಉತ್ತರ: ಈಗಲೇ ಆಗುವುದಿಲ್ಲ. ಪುಣೆಯ ಎಫ್‌ಟಿಐಐನಲ್ಲಿ (ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ) ನಿರ್ದೇಶನ, ಛಾಯಾಗ್ರಹಣ, ಸಂಕಲನ, ಸೌಂಡ್ ಎಲ್ಲವೂ ಮೂರು ವರ್ಷದ ಕೋರ್ಸುಗಳು, ಡಿಗ್ರಿ ಆದಮೇಲೆ ಸೇರುವಂಥವು. ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಯಲ್ಲೂ ಹಾಗೇ. ನಿರ್ದೇಶನಕ್ಕೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಪುಣೆಯಲ್ಲಿ ಸೌಂಡ್‌ಗೆ ಮಾತ್ರ ಪಿಯುಸಿಯಲ್ಲಿ ಫಿಸಿಕ್ಸ್ ಓದಿರಬೇಕು ಅನ್ನುತ್ತಾರೆ, ಅದು ನಿಮಗೆ ಇದ್ದೇ ಇದೆ. ಆ ಬಾಗಿಲು ಮುಚ್ಚಿಕೊಳ್ಳಬೇಡಿ. ಹುಡುಗಿಯರಿಗೆ ಸೌಂಡ್ ಬೇಡ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ದಂಡದ ಮಾತು. ನಿಮ್ಮ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿ ಮಣಿಪಾಲದಲ್ಲಿ ಬಿ.ಫಾರ್ಮ್ ಓದಿದವರು. ಆಮೇಲೆ ಪುಣೆಗೆ ಹೋದರು. 1977ರ 'ಘಟಶ್ರಾದ್ಧ' ಅವರ ಮೊದಲ ಪೂರ್ಣಾವಧಿ ಚಿತ್ರ, ಅದಕ್ಕೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂತು. ಫಾರ್ಮಸಿ ಓದಿದ್ದು ಅಡ್ಡ ಬರಲಿಲ್ಲ. ಅಪ್ಪನ ಹತ್ತಿರ ಜಗಳ ಆಡುವ ಬದಲು ಇದನ್ನು ಹೇಳಿ ನೋಡಿ, ಅವರ ಮಾತಿನಲ್ಲೂ ಅರ್ಥ ಇದೆ ಅಂತ ನಿಮಗೂ ಅನ್ನಿಸಬಹುದು.

ಇಲ್ಲ, ಈಗಲೇ ಸಿನಿಮಾ ಡಿಗ್ರಿನೇ ಬೇಕು ಅಂದರೆ ಒಂದು ವಿಷಯ ಮೊದಲು ತಿಳ್ಕೊಳ್ಳಿ. ಸಿನಿಮಾ ಬಗ್ಗೆ ಓದುವುದು ಒಂದು, ಸಿನಿಮಾ ಮಾಡಲು ಕಲಿಯುವುದು ಇನ್ನೊಂದು. ಮೊದಲನೆಯದರಲ್ಲಿ ಚಿತ್ರ ನೋಡಿ, ಇತಿಹಾಸ ಓದಿ, ಪ್ರಬಂಧ ಬರೆಯುತ್ತೀರಿ. ಜಾದವಪುರ ವಿಶ್ವವಿದ್ಯಾಲಯದ ಫಿಲ್ಮ್ ಸ್ಟಡೀಸ್ ವಿಭಾಗ ಅದಕ್ಕೆ ಹೆಸರುವಾಸಿ, ಆದರೆ ಅಲ್ಲಿ ಎಂ.ಎ. ಇರುವುದು. ಎರಡನೆಯದಕ್ಕೆ ಹತ್ತಿರದಲ್ಲಿ ಚೆನ್ನೈನ ಎಂಜಿಆರ್ ಸರ್ಕಾರಿ ಸಂಸ್ಥೆ ಇದೆ, ಪಿಯುಸಿ ಆದಮೇಲೆ ನಾಲ್ಕು ವರ್ಷದ ಪದವಿ. ಬೆಂಗಳೂರಿನಲ್ಲಿ ವಿಷುಯಲ್ ಕಮ್ಯುನಿಕೇಶನ್, ಮೀಡಿಯಾ ಅಂತ ಬಿ.ಎ.ಗಳು ಬೇಕಾದಷ್ಟಿವೆ. ಅವುಗಳ ಸಿಲಬಸ್ ತೆಗೆದು ಒಂದೊಂದೇ ಪೇಪರ್ ಓದಿ. ಎಷ್ಟೋ ಕಡೆ ಜಾಹೀರಾತು, ಪತ್ರಿಕೋದ್ಯಮ, ಪಬ್ಲಿಕ್ ರಿಲೇಶನ್ಸ್ ಸೇರಿ ಸಿನಿಮಾಗೆ ಉಳಿಯುವುದು ಎರಡೋ ಮೂರೋ ಪೇಪರ್. ಅಡ್ಮಿಷನ್‌ಗೆ ಮುಂಚೆ ಕಾಲೇಜಿಗೆ ಹೋಗಿ ನೇರವಾಗಿ ಕೇಳಿ: ಕಳೆದ ವರ್ಷದ ಮಕ್ಕಳು ಮಾಡಿದ ಚಿತ್ರ ತೋರಿಸ್ತೀರಾ? ಒಂದು ಕ್ಯಾಮೆರಾಗೆ ಎಷ್ಟು ಜನ? ಶನಿವಾರ ಭಾನುವಾರ ಅದನ್ನು ಹೊರಗೆ ಕೊಡ್ತೀರಾ? ಎಡಿಟಿಂಗ್ ರೂಮ್ ಸಂಜೆ ಐದಕ್ಕೆ ಬೀಗ ಹಾಕ್ತೀರಾ? ಪಾಠ ಮಾಡುವವರು ವಾರಪೂರ್ತಿ ಇರ್ತಾರಾ, ಇಲ್ಲಾ ತಿಂಗಳಿಗೊಂದು ಸಲ ಬಂದು ಹೋಗ್ತಾರಾ? ಚಿತ್ರ ತೋರಿಸದೆ ಬರೀ ಕಟ್ಟಡ ತೋರಿಸಿ, ಗೆಸ್ಟ್ ಆಗಿ ಬಂದ ನಟರ ಫೋಟೋ ತೋರಿಸಿದರೆ ವಾಪಸ್ ಬನ್ನಿ.

ನನ್ನನ್ನು ಕೇಳಿದರೆ, ಒಳ್ಳೆಯ ಸಿನಿಮಾ ಕಾಲೇಜು ಸಿಗದಿದ್ದಾಗ ಅರೆಬರೆ ಸಿನಿಮಾ ಡಿಗ್ರಿಗಿಂತ ಸಾಹಿತ್ಯ, ಇತಿಹಾಸ, ಮನಃಶಾಸ್ತ್ರ ಇಂಥದ್ದೊಂದನ್ನು ಮನಸ್ಸಿಟ್ಟು ಓದುವುದೇ ಮೇಲು. ಹೆಗ್ಗೋಡು ನಿಮಗೆ ದೂರ ಅಲ್ಲ. ಕೆ.ವಿ. ಸುಬ್ಬಣ್ಣನವರ ನೀನಾಸಂ ಅಲ್ಲಿ 1973ರಲ್ಲೇ ಚಿತ್ರಸಮಾಜ ಕಟ್ಟಿ, ಒಂದು ಹಳ್ಳಿಯಲ್ಲಿ ಕೂತು ಪ್ರಪಂಚದ ಸಿನಿಮಾ ನೋಡುವ ಅಭ್ಯಾಸ ಬೆಳೆಸಿತು. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ಒಮ್ಮೆ ಹೋಗಿ. ಬೆಂಗಳೂರಿಗೆ ಬಂದರೆ ಸುಚಿತ್ರಾ ಫಿಲ್ಮ್ ಸೊಸೈಟಿ ಇದೆ, ವರ್ಷಕ್ಕೊಮ್ಮೆ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ. ಜೊತೆಗೆ ನಾಲ್ಕು ಜನ ಗೆಳೆಯರು ಸೇರಿ ಫೋನ್‌ನಲ್ಲೇ ಐದು ನಿಮಿಷದ ಚಿತ್ರ ಮಾಡಿ, ಅಪ್ಪನಿಗೂ ತೋರಿಸಿ. ಪ್ರವೇಶ ಪರೀಕ್ಷೆಯ ಹೊತ್ತಿಗೆ ಇದೆಲ್ಲ ಕೈ ಹಿಡಿಯುತ್ತದೆ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ. ಕ್ಯಾಮೆರಾ ಹುಚ್ಚು. ಡಿಗ್ರಿವರೆಗೂ ಕಾಯಬೇಕಾ?
- ಒಬ್ಬ ತಾಯಿ, ಕೋಲಾರ

ಉತ್ತರ: ಕಾಯಬೇಕಿಲ್ಲ. ಹೆಸರಘಟ್ಟದಲ್ಲಿ ನಮ್ಮದೇ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ಛಾಯಾಗ್ರಹಣ ಮತ್ತು ಸೌಂಡ್‌ನಲ್ಲಿ ಎಸ್ಸೆಸ್ಸೆಲ್ಸಿ ನಂತರದ ಡಿಪ್ಲೊಮಾ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಶುರುವಾದ ಕೋರ್ಸಿನ ಮುಂದುವರಿಕೆ ಇದು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲೇ ಕಲಿತು ಮುಂಬೈಗೆ ಹೋಗಿ ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ 'ಕಾಗಜ್ ಕೆ ಫೂಲ್'ಗೆ ಕ್ಯಾಮೆರಾ ಹಿಡಿದರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಹಿಂದಿಯ ಹೆಸರಾಂತ ನಿರ್ದೇಶಕ, ಛಾಯಾಗ್ರಾಹಕ ಗೋವಿಂದ ನಿಹಲಾನಿ 1962ರಲ್ಲಿ ಅಲ್ಲಿಂದಲೇ ಹೊರಬಂದವರು. ಇಷ್ಟು ದೊಡ್ಡ ಪರಂಪರೆ ಮನೆ ಬಾಗಿಲಲ್ಲೇ ಇದ್ದರೂ ನಮ್ಮ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಒಂದು ಎಚ್ಚರಿಕೆ: ಇದು ಡಿಪ್ಲೊಮಾ, ಡಿಗ್ರಿ ಅಲ್ಲ. ಮುಂದೆ ಪುಣೆಗೆ ಹೋಗುವ ಆಸೆ ಇದ್ದರೆ ಪದವಿ ಬೇಕೇ ಬೇಕು. ಈಗಿನ ಫೀಸು, ಸೀಟು, ಸಲಕರಣೆ ಹೇಗಿದೆ ಅಂತ ಮಗನನ್ನು ಕರ್ಕೊಂಡು ಹೋಗಿ ಕಣ್ಣಾರೆ ನೋಡಿ ಬನ್ನಿ.

ಪ್ರಶ್ನೆ: ಖಾಸಗಿ ಫಿಲ್ಮ್ ಸ್ಕೂಲ್‌ನಲ್ಲಿ ಸೀಟು ಸಿಕ್ಕಿದೆ. ಲಕ್ಷಗಟ್ಟಲೆ ಫೀಸು, ಸಾಲ ಮಾಡಬೇಕು. ಸೇರಲಾ?
- ಓದುಗ, ಹುಬ್ಬಳ್ಳಿ

ಉತ್ತರ: ಪೂರ್ತಿ ಸಾಲದ ಮೇಲೆ ಬೇಡ. ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದೊಳಗೆ ಕಂತು ಶುರುವಾಗುತ್ತದೆ, ನಿಮ್ಮ ಮೊದಲ ಕೆಲಸ ಅಸಿಸ್ಟೆಂಟ್ ಆಗಿ, ಅಲ್ಲಿ ದುಡ್ಡು ಚಿತ್ರದಿಂದ ಚಿತ್ರಕ್ಕೆ ಬರುತ್ತದೆ, ನಡುವೆ ತಿಂಗಳುಗಟ್ಟಲೆ ಖಾಲಿ ಕೂರುವುದೂ ಉಂಟು. ಕಂತು ಕಟ್ಟುವ ಭಯಕ್ಕೆ ಸಿನಿಮಾನೇ ಬಿಡಬೇಕಾಗಬಹುದು, ಹಾಗಾಗುವುದು ನನಗೆ ಇಷ್ಟವಿಲ್ಲ. ಸ್ಕಾಲರ್‌ಶಿಪ್ ಇದೆಯಾ ಕೇಳಿ. ಮನೆಯಲ್ಲಿ ಒಂದು ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಹಾಕಿಕೊಂಡು ಸಂಕಲನ ಕಲಿಯಲು ಶುರು ಮಾಡಿ. ಎಡಿಟಿಂಗ್ ಬಂದವರಿಗೆ ಮದುವೆ ವಿಡಿಯೋ, ಜಾಹೀರಾತು, ಯೂಟ್ಯೂಬ್ ಅಂತ ಹುಬ್ಬಳ್ಳಿಯಲ್ಲೇ ಕೆಲಸ ಸಿಗುತ್ತದೆ. ಒಂದು ವರ್ಷ ಹಾಗೆ ದುಡಿದು ನೋಡಿ, ಆಗಲೂ ಕಾಲೇಜು ಬೇಕು ಅನ್ನಿಸಿದರೆ ಸರ್ಕಾರಿ ಸಂಸ್ಥೆಗಳ ಪ್ರವೇಶ ಪರೀಕ್ಷೆ ಬರೆಯಿರಿ.