ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಟರ್ಬೊ ಪೆಟ್ರೋಲ್ ಕಾರುಗಳ ಬಗ್ಗೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸದಿಂದ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ.

ಪ್ರಶ್ನೆ: ಏಳು ವರ್ಷ ಹಳೆಯ, 72,000 ಕಿ.ಮೀ. ಓಡಿದ 1.4 ಲೀಟರ್, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು ಕೊಳ್ಳಬೇಕೆಂದಿದ್ದೇನೆ. ‘ಒಂದು ಲಕ್ಷ ದಾಟಿದರೆ ಟರ್ಬೊ ಹೋಗುತ್ತೆ, ಅದರ ಸಹವಾಸ ಬೇಡ’ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ಒಂದು ಲಕ್ಷದ ಗಡಿ ಯಾವ ಟರ್ಬೊ ಮೇಲೂ ಬರೆದಿಲ್ಲ. ಎರಡು ಲಕ್ಷ ಓಡಿ ಇನ್ನೂ ಮೊದಲ ಟರ್ಬೊದಲ್ಲೇ ಇದ್ದ ಎಂಜಿನ್‌ಗಳನ್ನು ಬಿಚ್ಚಿದ್ದೇನೆ. ಐವತ್ತು ಸಾವಿರಕ್ಕೇ ಶಾಫ್ಟ್ ಲಟಲಟ ಅಲ್ಲಾಡುತ್ತಿದ್ದವನ್ನೂ ನೋಡಿದ್ದೇನೆ. ಇವೆರಡರ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಪ್ರತಿ ಸಲವೂ ಆಯಿಲ್.

ಸಣ್ಣ ಪೆಟ್ರೋಲ್ ಎಂಜಿನ್ನಿನ ಟರ್ಬೊ ಪೂರ್ತಿ ಒತ್ತಡದಲ್ಲಿ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅದರ ಒಂದು ತುದಿಯ ಚಕ್ರಕ್ಕೆ 900 ಡಿಗ್ರಿ ಸೆಲ್ಸಿಯಸ್ ದಾಟಿದ ಹೊಗೆ ಬಡಿಯುತ್ತಿರುತ್ತದೆ. ಇಷ್ಟಾದರೂ ಆ ಶಾಫ್ಟ್ ಲೋಹದ ಮೇಲೆ ಕೂತಿರುವುದಿಲ್ಲ, ಕೂದಲೆಳೆಗಿಂತ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆಯಿಲ್ ಹಳತಾದರೆ, ಕೊಳೆಯಾದರೆ, ತಡವಾಗಿ ತಲುಪಿದರೆ ಎಂಜಿನ್ನಿನ ಬೇರೆಲ್ಲ ಭಾಗಕ್ಕಿಂತ ಮೊದಲು ಪೆಟ್ಟು ತಿನ್ನುವುದು ಈ ಶಾಫ್ಟೇ.

ನನಗೆ ಇದು ಅರ್ಥವಾದದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತು. ಕೆಟ್ಟ ಟರ್ಬೊ ತೆಗೆದು ಹೊಸದು ಕೂರಿಸಿ ಕಾರು ಕಳಿಸಿಕೊಟ್ಟೆ. ಹನ್ನೊಂದನೇ ದಿನ ಅದೇ ಕಾರು ನೀಲಿ ಹೊಗೆ ಬಿಡುತ್ತ ವಾಪಸ್ ಬಂತು. ಟರ್ಬೊಗೆ ಆಯಿಲ್ ಕೊಡುವ ಪೈಪನ್ನು ಬಿಚ್ಚಿ ಒಳಗೆ ಸಣ್ಣ ತಂತಿ ತೂರಿಸಿದರೆ ಅರ್ಧಕ್ಕೇ ನಿಂತಿತು. ಒಳಗೆಲ್ಲ ಕರಕಲು. ಎಂಜಿನ್ನಿನಡಿಯ ಆಯಿಲ್ ತೊಟ್ಟಿ (ಸಂಪ್) ಇಳಿಸಿದಾಗ ಆಯಿಲ್ ಪಂಪಿನ ಜಾಲರಿಯೂ ಕಪ್ಪು ಜಿಡ್ಡಿನಿಂದ ಮುಕ್ಕಾಲು ಮುಚ್ಚಿತ್ತು. ಮೊದಲ ಟರ್ಬೊ ಯಾಕೆ ಹೋಯಿತೆಂದು ಕೇಳಿಕೊಳ್ಳದೆ ಎರಡನೆಯದನ್ನೂ ಅದೇ ಬಾಯಾರಿಕೆಗೆ ದೂಡಿದ್ದೆ. ಆ ಮಾಲೀಕರ ಮುಖ ಇನ್ನೂ ಕಣ್ಣ ಮುಂದಿದೆ. ಅಂದಿನಿಂದ ಆಯಿಲ್ ಪೈಪ್ ಬದಲಿಸದೆ, ಜಾಲರಿ ನೋಡದೆ ನಾನು ಟರ್ಬೊ ಹಾಕಿಲ್ಲ.

ಆದ್ದರಿಂದ ನೀವು ಕಿಲೋಮೀಟರ್ ಲೆಕ್ಕ ಬಿಟ್ಟು ಸರ್ವಿಸ್ ಪುಸ್ತಕ ಕೇಳಿ. ಆಯಿಲ್ ಬದಲಾವಣೆಗಳ ನಡುವೆ ಇಪ್ಪತ್ತು ಸಾವಿರ ಕಿ.ಮೀ. ಅಥವಾ ಎರಡು ವರ್ಷದ ಅಂತರ ಕಂಡರೆ ಆ ಕಾರು ಬೇಡ, ಎಷ್ಟೇ ಹೊಳೆಯುತ್ತಿದ್ದರೂ ಬೇಡ. ಪುಸ್ತಕ ಸರಿಯಿದ್ದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ ನೀವೇ ಸ್ಟಾರ್ಟ್ ಮಾಡಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡ್ ಗರಗರ ಸದ್ದು ಬಂದರೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಸಡಿಲಾಗಿರಬಹುದು, ಇಲ್ಲವೇ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿರಬಹುದು. ಕಾರಿನ ದೋಷ ಓದುವ ಸ್ಕ್ಯಾನರಿನಲ್ಲಿ ಪಿ0016 ಕೋಡ್ (ಕ್ರ್ಯಾಂಕ್, ಕ್ಯಾಮ್ ಶಾಫ್ಟ್‌ಗಳ ಹೊಂದಾಣಿಕೆ ತಪ್ಪಿದೆ ಎಂಬ ಸೂಚನೆ) ಕೂಡ ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಟರ್ಬೊ ಸೀಲನ್ನೋ ವಾಲ್ವ್ ಸೀಲನ್ನೋ ನೋಡಿಸಬೇಕು. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪಿನೊಳಗೆ ತೆಳ್ಳಗೆ ಆಯಿಲ್ ಸವರಿದಂತಿದ್ದರೆ ಹೆದರಬೇಡಿ, ಅದು ಇದ್ದದ್ದೇ.

ಪ್ರಶ್ನೆ: ನನ್ನ ಟರ್ಬೊ ಕಾರಿನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚುತ್ತಿದೆ! ಮೂರು ತಿಂಗಳಲ್ಲಿ ಕಡ್ಡಿಯ ಮೇಲಿನ ಗೆರೆ ದಾಟಿದೆ. ಕಚೇರಿ ಮೂರು ಕಿ.ಮೀ. ದೂರ. ಅಲ್ಲಿಗೆ ಹೋಗಿ ಬರುವುದು ಬಿಟ್ಟರೆ ಕಾರು ಬೇರೆಲ್ಲೂ ಹೋಗುವುದಿಲ್ಲ. ಆಯಿಲ್ ಕಡಿಮೆಯಾಗದಿದ್ದರೆ ಒಳ್ಳೆಯದೇ ಅಲ್ಲವೇ?

ಉತ್ತರ: ಅಲ್ಲ. ಕಡ್ಡಿ ಎಳೆದು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಹೊಡೆಯುತ್ತದೆ ಎಂದುಕೊಂಡಿದ್ದೇನೆ.

ಇಂಥ ಎಂಜಿನ್‌ಗಳಲ್ಲಿ ಹೆಚ್ಚಿನವು ಪೆಟ್ರೋಲನ್ನು 200ರಿಂದ 350 ಬಾರ್ ಒತ್ತಡದಲ್ಲಿ ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುತ್ತವೆ. ಎಂಜಿನ್ ತಣ್ಣಗಿದ್ದಾಗ ಎಲ್ಲವೂ ಆವಿಯಾಗುವುದಿಲ್ಲ. ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಕಾರು ದೂರ ಓಡಿದರೆ ಆಯಿಲ್ ಚೆನ್ನಾಗಿ ಕಾದು ಆ ಪೆಟ್ರೋಲ್ ಆವಿಯಾಗಿ, ಎಂಜಿನ್ನಿನೊಳಗಿನ ಆವಿಯನ್ನು ಹೊರಸೆಳೆಯುವ ಪಿಸಿವಿ ವಾಲ್ವ್ ಮೂಲಕ ಮತ್ತೆ ಎಂಜಿನ್ನಿಗೇ ಹೋಗಿ ಉರಿಯುತ್ತದೆ. ಮೂರು ಕಿಲೋಮೀಟರಿಗೆ ಆಯಿಲ್ ಕಾಯುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯಕ್ಕೆ ಬಂದಿದೆಯಲ್ಲ ಎನ್ನಬೇಡಿ. ಅದು ಕೂಲಂಟ್‌ನ ಬಿಸಿ, ಆಯಿಲ್ ಅದಕ್ಕಿಂತ ನಿಧಾನವಾಗಿ ಕಾಯುತ್ತದೆ. ಹೀಗೆ ನೀರಾದ ಆಯಿಲ್ ಮೇಲೆ ನಿಮ್ಮ ಟರ್ಬೊ ತೇಲುತ್ತಿದೆ.

ಈ ವಾರವೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇನ್ನು ಮುಂದೆ ಆರು ತಿಂಗಳಿಗೊಮ್ಮೆ ಬದಲಿಸಿ, ಕಿಲೋಮೀಟರ್ ಎಷ್ಟೇ ಕಡಿಮೆಯಿರಲಿ. ವಾರಕ್ಕೊಮ್ಮೆ ನಲವತ್ತು ನಿಮಿಷ ನಿಲ್ಲಿಸದೆ ಓಡಿಸಿ. ಇಷ್ಟಾದರೂ ಮಟ್ಟ ಏರಿದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆಯೇ, ಇಂಜೆಕ್ಟರ್ ಸೋರುತ್ತಿದೆಯೇ, ಹೈ ಪ್ರೆಷರ್ ಪಂಪಿನ ಸೀಲ್ ಹೋಗಿದೆಯೇ ನೋಡಿಸಿ. ಪೆಟ್ರೋಲ್ ವಾಸನೆ ಇಲ್ಲದೆ ಆಯಿಲ್ ಹಾಲು ಬೆರೆಸಿದಂತಿದ್ದು ಕೂಲಂಟ್ ಕಡಿಮೆಯಾಗುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಆಗ ಎಂಜಿನ್ ಸ್ಟಾರ್ಟ್ ಕೂಡ ಮಾಡಬೇಡಿ.

ಪ್ರಶ್ನೆ: ಆಫ್ ಮಾಡುವ ಮೊದಲು ಐದು ನಿಮಿಷ ಐಡಲ್‌ನಲ್ಲಿ ಬಿಡಲೇಬೇಕೇ? ಮನೆಯಲ್ಲಿ ದಿನಾ ಇದೇ ಜಗಳ.

ಉತ್ತರ: ದಿನಾ ಬೇಕಿಲ್ಲ. 1978ರಲ್ಲಿ ಸಾಬ್ 99 ಟರ್ಬೊ ಮಾರಾಟಕ್ಕೆ ಬಂದ ಕಾಲದಲ್ಲಿ ಟರ್ಬೊವನ್ನು ತಂಪು ಮಾಡಲು ಆಯಿಲ್ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಕೀಲಿ ತಿರುಗಿಸಿದ ಕ್ಷಣ ಪಂಪ್ ನಿಂತು, ಬೇರಿಂಗಿನಲ್ಲಿ ಉಳಿದ ಆಯಿಲ್ ಅಲ್ಲೇ ಸುಟ್ಟು ಕರಕಲಾಗುತ್ತಿತ್ತು. ಈ ಸಲಹೆ ಹುಟ್ಟಿದ್ದು ಆಗ. ಈಗಿನ ಹೆಚ್ಚಿನ ಟರ್ಬೊಗಳ ಸುತ್ತ ಕೂಲಂಟ್ ಹರಿಯುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಸಣ್ಣ ವಿದ್ಯುತ್ ಪಂಪ್ ಅದನ್ನು ಹರಿಸುತ್ತಿರುತ್ತದೆ. ಕೊನೆಯ ಒಂದು ಕಿಲೋಮೀಟರ್ ನಿಧಾನವಾಗಿ ಬಂದರೆ ಸಾಕು. ಉದ್ದನೆಯ ಘಾಟಿ ಏರಿ, ಅಥವಾ ಹೆದ್ದಾರಿಯಲ್ಲಿ ಒತ್ತಿ ಓಡಿಸಿ ತಟ್ಟನೆ ನಿಲ್ಲಿಸಿದಾಗ ಮಾತ್ರ ಒಂದೆರಡು ನಿಮಿಷ ಕೊಡಿ. ನಿಮ್ಮ ಜಗಳವನ್ನು ಬೆಳಗಿನ ಹೊತ್ತಿಗೆ ವರ್ಗಾಯಿಸುವುದು ಮೇಲು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತುವವರನ್ನು ತಡೆಯಿರಿ.

ಪ್ರಶ್ನೆ: ಐದನೇ ಗೇರಿನಲ್ಲಿ ನಿಧಾನ ಹೋಗುವಾಗ ಪೂರ್ತಿ ಒತ್ತಿದರೆ ಒಮ್ಮೊಮ್ಮೆ ಸುತ್ತಿಗೆಯಿಂದ ಹೊಡೆದಂತೆ ‘ಟಣ್’ ಎನ್ನುತ್ತದೆ.

ಉತ್ತರ: ಇವತ್ತೇ ಆ ಅಭ್ಯಾಸ ಬಿಡಿ. ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಭಾರ ಹೆಚ್ಚಾದಾಗ ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವುದುಂಟು. ಅದು ಪಿಸ್ಟನ್ನಿನ ರಿಂಗ್ ಕೂರುವ ಅಂಚನ್ನೇ ಮುರಿಯಬಲ್ಲದು. ಗೇರ್ ಇಳಿಸಿ, 2,000 ದಾಟಿದ ಮೇಲೆ ಒತ್ತಿ. ಇಲ್ಲೂ ಆಯಿಲ್‌ನ ಪಾತ್ರವಿದೆ: ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದರೆ ಈ ಕಾಟ ಹೆಚ್ಚು. 2020ರಲ್ಲಿ ಬಂದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಪಿ ಎಂಬ ಆಯಿಲ್ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. ನಿಮ್ಮ ಕೈಪಿಡಿ ಹೇಳುವ ಗ್ರೇಡ್‌ನಲ್ಲೇ (ಆಯಿಲ್ ಎಷ್ಟು ದಪ್ಪ ಎಂಬ ಗುರುತು) ಆ ದರ್ಜೆಯದನ್ನು ಕೇಳಿ ಹಾಕಿಸಿ. ಸದ್ದು ನಿಲ್ಲದಿದ್ದರೆ ತಪಾಸಣೆ ಮುಂದೂಡಬೇಡಿ.

ಪ್ರಶ್ನೆ: ಟ್ಯಾಂಕಿಗೆ ಹಾಕುವ ಕ್ಲೀನರ್‌ನಿಂದ ಇನ್‌ಟೇಕ್ ವಾಲ್ವಿನ ಕಾರ್ಬನ್ ಹೋಗುತ್ತದೆಯೇ?

ಉತ್ತರ: ನಿಮ್ಮದು ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ವ್ಯವಸ್ಥೆ) ಮಾತ್ರ ಇರುವ ಎಂಜಿನ್ ಆದರೆ ಇಲ್ಲ. ಪೆಟ್ರೋಲ್ ಆ ವಾಲ್ವಿನ ಹಿಂಬದಿಯನ್ನು ಮುಟ್ಟುವುದೇ ಇಲ್ಲ. ಇಂಜೆಕ್ಟರ್ ಸ್ವಚ್ಛವಾಗಬಹುದು, ಅಷ್ಟೆ. ಕಾರ್ಬನ್ ದಪ್ಪಗೆ ಕಟ್ಟಿದ್ದರೆ ಗಾಳಿ ಒಳಬರುವ ಮ್ಯಾನಿಫೋಲ್ಡ್ ಬಿಚ್ಚಿ ಆಕ್ರೋಟದ ಚಿಪ್ಪಿನ ಪುಡಿ ಊದಿ ತೆಗೆಯಬೇಕು.

ಪ್ರಶ್ನೆ: 65,000 ಕಿ.ಮೀ. ಆಗಿದೆ. ಓವರ್‌ಟೇಕ್ ಮಾಡುವಾಗ ಎಂಜಿನ್ ಜಗ್ಗುತ್ತದೆ. ಕೋಡ್ ಪಿ0303. ಟರ್ಬೊ ಬದಲಿಸಬೇಕು ಎಂದಿದ್ದಾರೆ.

ಉತ್ತರ: ಟರ್ಬೊ ಮುಟ್ಟಬೇಡಿ. ಆ ಕೋಡ್ ಹೇಳುವುದು ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ. ಒತ್ತಡ ಏರಿದಷ್ಟೂ ಪ್ಲಗ್‌ನಲ್ಲಿ ಕಿಡಿ ಹಾರುವುದು ಕಷ್ಟ. ಸವೆದ ಪ್ಲಗ್ ಮೊದಲು ಕೈಕೊಡುವುದು ಓವರ್‌ಟೇಕ್ ಹೊತ್ತಿನಲ್ಲೇ. ಮೂರನೆಯದರ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ತೆಗೆದು ಎರಡನೆಯದಕ್ಕೆ ಹಾಕಿ, ಅದರದ್ದು ಇದಕ್ಕೆ. ಕೋಡ್ ಪಿ0302 ಆಗಿ ಬದಲಾದರೆ ಕಾಯಿಲ್ ಕೆಟ್ಟಿದೆ. ಬದಲಾಗದಿದ್ದರೆ ಎಲ್ಲ ಪ್ಲಗ್ ಹೊಸದು ಹಾಕಿ, ಕೈಪಿಡಿಯಲ್ಲಿರುವ ಗ್ಯಾಪ್‌ನಲ್ಲೇ. ಆಮೇಲೂ ಮೂರರಲ್ಲೇ ನಿಂತರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಬಂದ ಅಂಕಿಗಳನ್ನು ನನಗೆ ಬರೆದು ಕಳಿಸಿ.