ರಾತ್ರಿಯಿಡೀ ಕಾರು ಓಡಿಸಿ ಬೆಳಗಾಗುವಷ್ಟರಲ್ಲಿ ಕಡಲತೀರ ತಲುಪುವುದು ಸರಿಯೇ?

ನೀವು ಕೇಳಿರುವುದು ಇಷ್ಟು: ರಜೆಗೆ 800 ಕಿಲೋಮೀಟರ್ ದೂರದ ಸಮುದ್ರತೀರಕ್ಕೆ ಕಾರಲ್ಲೇ ಹೋಗಬೇಕು, ಜೊತೆಗೆ ಎರಡು ಮಕ್ಕಳು, ವಯಸ್ಸಾದ ಅತ್ತೆ. ಕಾರು ಓಡಿಸುವುದು ನೀವೊಬ್ಬರೇ. ಸಂಜೆ ಹೊರಟರೆ ದಾರಿಯುದ್ದಕ್ಕೂ ಮಕ್ಕಳು ಮಲಗಿರುತ್ತಾರೆ, ಒಂದು ದಿನ ಉಳಿಯುತ್ತದೆ, ಹಾಗೆ ಮಾಡಬಹುದಾ?

ಬೇಡ. ಇದೇ ಲೆಕ್ಕ ಹಾಕಿ ಹೋಗಿ ಬಂದವನು ನಾನು.

ಹೆಚ್ಚುಕಡಿಮೆ ನಿಮ್ಮಷ್ಟೇ ದೂರ. ಸಂಜೆ ಆರಕ್ಕೆ ಹೊರಟೆವು. ಹನ್ನೆರಡರ ತನಕ ನಾನೇ ರಾಜ: ರಸ್ತೆ ಖಾಲಿ, ಮಕ್ಕಳದ್ದು ಗಾಢ ನಿದ್ದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ರಸ್ತೆಯಂಚಿನ ಬಿಳಿ ಗೆರೆಯ ಮೇಲಿನ ಉಬ್ಬುಗಳಿಗೆ ಚಕ್ರ ಹತ್ತಿ ಗರ್‍ರ್ ಅಂತ ಸದ್ದಾದಾಗ ಎಚ್ಚರವಾಯಿತು. ನಿದ್ದೆ ಹೋಗಿದ್ದೆ ಅಂತ ಗೊತ್ತಾಗಿದ್ದೇ ಆಗ. ಕಣ್ಣು ತೆರೆದೇ ಇತ್ತು ಅಂತ ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ! ಹಿಂದಿನ ಸೀಟಿಂದ ಅಮ್ಮ, "ಏನಾಯ್ತೋ?" ಅಂದಳು. "ಏನಿಲ್ಲಮ್ಮ, ಗುಂಡಿ" ಅಂದೆ. ಹೆಂಡತಿ ಒಂದು ಮಾತೂ ಆಡದೆ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿಟ್ಟಳು.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದರೆ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ನಾಲ್ಕೇ ಸೆಕೆಂಡ್ ಜೋಂಪು ಹತ್ತಿದರೂ 110 ಮೀಟರ್ ದೂರ ಆ ಕಾರಿಗೆ ಚಾಲಕನೇ ಇಲ್ಲ. ನಡುರಾತ್ರಿ ದಾಟಿದ ಮೇಲೆ ಬೆಳಿಗ್ಗೆ ಆರರವರೆಗೆ ಮೈ ನಿದ್ದೆ ಕೇಳಿಯೇ ಕೇಳುತ್ತದೆ. ನೀವೆಷ್ಟು ಗಟ್ಟಿಗರು ಅನ್ನುವುದು ಲೆಕ್ಕಕ್ಕಿಲ್ಲ. ಮಧ್ಯಾಹ್ನವೂ ಒಮ್ಮೆ ಕೇಳುತ್ತದೆ, ಆದರೆ ಅಷ್ಟು ಹಟದಿಂದಲ್ಲ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಎಲ್ಲ ನಮ್ಮ ಸಮಾಧಾನಕ್ಕೆ. ಸ್ವಲ್ಪ ಹೊತ್ತಿಗಾದರೂ ಉಪಯೋಗಕ್ಕೆ ಬರುವುದು ಒಂದೇ: ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಕೂಡಲೇ ಇಪ್ಪತ್ತು ನಿಮಿಷ ಮಲಗುವುದು. ಕಾಫಿ ತಲೆಗೇರಲು ಸುಮಾರು ಅರ್ಧ ಗಂಟೆ ಬೇಕಲ್ಲ, ಏಳುವ ಹೊತ್ತಿಗೆ ಎರಡೂ ಸೇರಿ ಕೆಲಸ ಮಾಡುತ್ತವೆ. ಅದನ್ನೇ ನಂಬಿ ರಾತ್ರಿಯಿಡೀ ಎಳೆಯಲು ಆಗುವುದಿಲ್ಲ.

ಇಷ್ಟೇ ಆಗಿದ್ದರೆ "ಹುಷಾರಾಗಿ ಓಡಿಸಿ" ಅಂತ ಬರೆದು ಸುಮ್ಮನಾಗುತ್ತಿದ್ದೆ. ನಾನು ನಿಜವಾಗಿ ಹೆದರಿದ್ದು ತಲುಪಿದ ಮೇಲೆ.

ಬಾಗಿಲು ತೆಗೆದಿದ್ದೇ ತಡ, ಮಕ್ಕಳು ಚಪ್ಪಲಿ ಅಲ್ಲೇ ಬಿಟ್ಟು ನೀರಿನ ಕಡೆ ಓಡಿದರು. ರಾತ್ರಿಯೆಲ್ಲ ಮಲಗಿದವರು ತಾನೇ! ಹೆಂಡತಿ ರೂಮಿನ ಬೀಗದ ಕೈ ತರಲು ಹೋದಳು. ಮಕ್ಕಳನ್ನು ನೋಡಿಕೊಳ್ಳುವ ಪಾಳಿ ನನ್ನದು. ಮರಳ ಮೇಲೆ ಕೂತೆ, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಮಗಳು ಸೊಂಟಮಟ್ಟದ ನೀರಲ್ಲಿದ್ದಳು. ಅಮ್ಮ ಉಟ್ಟ ಬಟ್ಟೆಯಲ್ಲೇ ಇಳಿದು ಅವಳ ತೋಳು ಹಿಡಿದು ದಡಕ್ಕೆ ಎಳೆದು ತರುತ್ತಿದ್ದಳು. ರಾತ್ರಿ ಕಾರು ಓಡಿಸಿದವನೇ ಬೆಳಿಗ್ಗೆ ನೀರಿನ ಹತ್ತಿರ ಕಾವಲಿಗೂ ನಿಲ್ಲಬೇಕು ಅನ್ನುವುದು ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ.

ಆ ಜಾಗವನ್ನು ಮಗಳು ಆರಿಸಿಕೊಂಡಿದ್ದೂ ಅಲೆ ಕಡಿಮೆ ಅಂತ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅಲ್ಲಿಗೆ ಇಳಿಸಬೇಡಿ. ದಡಕ್ಕೆ ಬಂದ ನೀರು ವಾಪಸ್ ಕಡಲಿಗೆ ಹರಿಯುವ ದಾರಿ ಅದೇ ಆಗಿರಬಹುದು. ಆ ಸೆಳೆತ ಮನುಷ್ಯನನ್ನು ಕೆಳಗೆ ಮುಳುಗಿಸುವುದಿಲ್ಲ, ಆಚೆ ಒಯ್ಯುತ್ತದೆ. ಜನ ಸೋಲುವುದು ಅದಕ್ಕೆದುರಾಗಿ ದಡಕ್ಕೆ ಈಜಲು ಹೋಗಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು; ಆಗದಿದ್ದರೆ ತೇಲುತ್ತಾ ಕೈಯೆತ್ತಿ ಕೂಗಬೇಕು. ಕೆಂಪು-ಹಳದಿ ಬಾವುಟ ನೆಟ್ಟಿದ್ದರೆ ಅವುಗಳ ನಡುವೆಯೇ ಆಡಿಸಿ, ಅಲ್ಲಿ ಜೀವರಕ್ಷಕರ ಕಣ್ಣಿರುತ್ತದೆ.

ಹಾಗಾಗಿ ದಾರಿಯನ್ನು ಎರಡು ದಿನ ಮಾಡಿ. ಬೆಳಿಗ್ಗೆ ಹೊರಡಿ, ಕತ್ತಲಾಗುವ ಮುಂಚೆ ಎಲ್ಲಾದರೂ ತಂಗಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಸೇರಿಕೊಳ್ಳಿ. ಎರಡು ಗಂಟೆಗೊಮ್ಮೆ ಎಲ್ಲರನ್ನೂ ಇಳಿಸಿ. ಅತ್ತೆಯವರು "ನಾನು ಇಲ್ಲೇ ಕೂತಿರ್ತೀನಿ, ನೀವು ಹೋಗಿ ಬನ್ನಿ" ಅಂತಾರೆ, ಒಪ್ಪಬೇಡಿ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತರೆ ಪಾದ ಊದಿಕೊಳ್ಳುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಉಂಟು.

ಹಗಲಲ್ಲಿ ಮಕ್ಕಳು ವಾಂತಿ ಮಾಡಿಕೊಂಡರೆ ಅನ್ನುತ್ತೀರಿ. ಮಾಡಿಕೊಳ್ಳಬಹುದು. ಕಾರು ಚಲಿಸುತ್ತಿದೆ ಅಂತ ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತಿರುತ್ತದೆ, ಮೊಬೈಲ್‌ನಲ್ಲಿ ನೆಟ್ಟ ಕಣ್ಣು ಇಲ್ಲ ಅನ್ನುತ್ತದೆ. ಆ ಜಗಳ ಹೊಟ್ಟೆಯಲ್ಲಿ ಮುಗಿಯುತ್ತದೆ. ಮೊಬೈಲ್, ಪುಸ್ತಕ ಎರಡೂ ಬೇಡ, ದೂರದ ಗುಡ್ಡ ನೋಡಲಿ. ನನ್ನ ಮಗ ಮೊದಲು ಸುಮ್ಮನಾಗುತ್ತಾನೆ, ಆಮೇಲೆ "ಅಪ್ಪಾ, ಬಾಯಲ್ಲಿ ನೀರು ಬರ್ತಿದೆ" ಅನ್ನುತ್ತಾನೆ. ಅಲ್ಲಿಂದ ನಿಮಗೆ ಹೆಚ್ಚೆಂದರೆ ಎರಡು ನಿಮಿಷ. ಚೀಲ ಕೈಗೆಟುಕುವಲ್ಲಿರಲಿ, ಡಿಕ್ಕಿಯಲ್ಲಲ್ಲ.

ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಿಸಿ. ತುಂಬಿದ ಕಾರಿಗೆ ಎಷ್ಟಿರಬೇಕು ಅನ್ನುವುದು ಬಹಳಷ್ಟು ಕಾರುಗಳಲ್ಲಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಅಲ್ಲಿ ತಲುಪಿದ ಮೇಲೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ಕಾರನ್ನು ಮರಳಿಗೆ ಇಳಿಸಬೇಡಿ. ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆ ಕಾಣುತ್ತದಲ್ಲ, ಹಿಂದಿನ ಉಬ್ಬರ ಅಲ್ಲಿಯವರೆಗೆ ಬಂದಿತ್ತು ಅಂತ. ಹೆಚ್ಚಿನ ಕಡಲತೀರಗಳಲ್ಲಿ ಇಳಿತ ಮುಗಿದ ಮೇಲೆ ಸುಮಾರು ಆರು ತಾಸಿನಲ್ಲಿ ನೀರು ಮತ್ತೆ ಏರಿರುತ್ತದೆ.

ವಾಪಸ್ ಹೊರಡುವ ದಿನ ಬೆಳಿಗ್ಗೆ ಮಾತ್ರ ಯಾರನ್ನೂ ನೀರಿಗಿಳಿಸಬೇಡಿ. "ಒಂದೇ ಒಂದು ಅಲೆ, ಪ್ಲೀಸ್" ಅಂತಾರೆ. ಆ ಒಂದು ಅಲೆ ಎರಡು ಗಂಟೆ ನುಂಗುತ್ತದೆ, ಆಮೇಲೆ ಸ್ನಾನ, ಮರಳು ಕೊಡವುವುದು, ಕಳೆದುಹೋದ ಒಂದು ಚಪ್ಪಲಿ ಹುಡುಕುವುದು. ಕೊನೆಗೆ ನಡುರಾತ್ರಿ ಮತ್ತೆ ಸ್ಟೀರಿಂಗ್ ಹಿಡಿದು ಕೂತಿರುವವರು ನೀವೇ.