ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗೆ ನೋಂದಣಿ ಪತ್ರವಿದ್ದರೆ ನಂಬಬಹುದೇ?

ಗೆಳೆಯ ತೋರಿಸಿದ ನೋಂದಣಿ ಪತ್ರವನ್ನೂ ಜಿಎಸ್‌ಟಿ ಸಂಖ್ಯೆಯನ್ನೂ ನೋಡಿ, ಕಂಪನಿ ಅಸಲಿಯೇ ಎಂದು ಕೇಳಿದ್ದೀರಿ. ಕೊಡಗಿನ ಗೋಣಿಕೊಪ್ಪಲಿನ ಹೋಟೆಲೊಂದರ ಮಹಡಿಯಲ್ಲಿ ನನಗೂ ಅವೆರಡನ್ನೇ ತೋರಿಸಿದ್ದರು. ಆ ವರ್ಷದ ಕರಿಮೆಣಸು ಮಾರಿ ಬಂದ ಹಣದಲ್ಲಿ 14,000 ರೂಪಾಯಿ ಕಟ್ಟಿ, ಎರಡು ಡಬ್ಬಿ ಪ್ರೋಟೀನ್ ಪುಡಿ ಹಿಡಿದು ಮನೆಗೆ ಬಂದೆ. ನನ್ನ ಕೆಳಗೆ ಎಡಕ್ಕೊಬ್ಬರು, ಬಲಕ್ಕೊಬ್ಬರು ಸೇರಬೇಕಿತ್ತು. ಎಡಕ್ಕೆ ಅಕ್ಕನನ್ನು, ಬಲಕ್ಕೆ ಪಕ್ಕದ ತೋಟದ ಲೆಕ್ಕ ಬರೆಯುವ ರೈಟರನ್ನು ಸೇರಿಸಿದೆ. ವಾರದೊಳಗೆ 2,000 ರೂಪಾಯಿ ಖಾತೆಗೆ ಬಂತು.

ನಾನು ಮುಳುಗಿದ್ದು ಅಲ್ಲಿಯೇ. ಸೇರಿದ್ದೂ ತಪ್ಪೇ, ಆದರೆ ಅದರಿಂದ ಹೋಗುತ್ತಿದ್ದುದು ನನ್ನ 14,000 ಮಾತ್ರ. ಆ 2,000 ರೂಪಾಯಿಯನ್ನು ವ್ಯಾಪಾರದ ಲಾಭವೆಂದು ಎಣಿಸಿ, ಬ್ಯಾಂಕಿನ ಸಂದೇಶವನ್ನು ಕಂಡವರಿಗೆಲ್ಲ ತೋರಿಸಿದೆನಲ್ಲ, ಅದು ನನ್ನನ್ನು ಕೆಡಿಸಿತು. ಹೊರಗಿನವರಿಗೆ ಒಂದು ಡಬ್ಬಿಯೂ ಮಾರಾಟವಾಗಿರಲಿಲ್ಲ. ಹಾಗಿದ್ದ ಮೇಲೆ ಲಾಭ ಬರುವುದು ಎಲ್ಲಿಂದ? ಅಕ್ಕನೂ ರೈಟರೂ ಕಟ್ಟಿದ 28,000ದಲ್ಲಿ ಒಂದು ಚೂರನ್ನು ನನ್ನ ಕೈಗಿಟ್ಟಿದ್ದರು, ಅಷ್ಟೆ. ಅಕ್ಕನ ಹಣವನ್ನೇ ಅಕ್ಕನಿಗೆ ತೋರಿಸಿ, 'ನೋಡು, ಬಂತು' ಎಂದು ಹೇಳಿ ಅವಳಿಂದ ಇನ್ನೊಂದು ಕಿಟ್ ಕೊಳ್ಳಿಸಿದೆ.

ಒಬ್ಬರ ಕೆಳಗೆ ಇಬ್ಬರಂತೆ ಲೆಕ್ಕ ಹಾಕಿದರೆ 19ನೆಯ ಹಂತವೊಂದಕ್ಕೇ 5,24,288 ಜನ ಬೇಕು; 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ, ತೊಟ್ಟಿಲ ಕೂಸುಗಳೂ ಸೇರಿ, ಸುಮಾರು ಐದೂವರೆ ಲಕ್ಷ. ನಮ್ಮ ಸಾಲು ನಾಲ್ಕನೆಯ ಹಂತಕ್ಕೇ ನಿಂತಿತು. ನನ್ನ ಮೇಲಿನ ಹಂತದ ಅಪ್‌ಲೈನ್‌ನವರು ಫೋನ್ ಎತ್ತುವುದನ್ನು ಬಿಟ್ಟರು. ಅಕ್ಕನ ಅಟ್ಟದಲ್ಲಿದ್ದ ಪುಡಿ ಕಕ್ಕಡ ತಿಂಗಳ ಮಳೆಯ ತೇವಕ್ಕೆ ಕಲ್ಲಾಗಿ, ಚಮಚದಿಂದ ಕೆರೆದರೂ ಏಳುತ್ತಿರಲಿಲ್ಲ.

ಆದ್ದರಿಂದ ಅಸಲಿಯೋ ನಕಲಿಯೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲವೆನ್ನುತ್ತೇನೆ. ನೋಂದಣಿ ಪತ್ರವು ಕಂಪನಿ ಇದೆಯೆಂದು ಹೇಳುತ್ತದೆಯೇ ಹೊರತು ಹಣ ಎಲ್ಲಿಂದ ಬರುತ್ತದೆಂದು ಹೇಳುವುದಿಲ್ಲ. ಸದಸ್ಯರಲ್ಲದವರು ಕಳೆದ ತಿಂಗಳು ಎಷ್ಟು ಸರಕು ಕೊಂಡರೆಂದು ಗೆಳೆಯನನ್ನು ಕೇಳಿರಿ; ಉತ್ತರದ ಬದಲು ಕಾರು, ವಿದೇಶ ಪ್ರವಾಸಗಳ ಮಾತು ಬಂದರೆ ಎದ್ದು ಬನ್ನಿರಿ. ಸ್ವಲ್ಪ ಹಣ ಹಾಕಿ ನೋಡೋಣ ಎಂಬುದೂ ಬೇಡ. ನೇರ ಮಾರಾಟದ 2021ರ ನಿಯಮಗಳು, ಹೊಸಬರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಇಂಥ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆಯಂತೂ ಅಂಥದನ್ನು ನಡೆಸುವುದನ್ನಷ್ಟೇ ಅಲ್ಲದೆ, ಸದಸ್ಯರನ್ನು ಸೇರಿಸುವುದನ್ನೂ ಅದರಲ್ಲಿ ಪಾಲ್ಗೊಳ್ಳುವುದನ್ನೂ ಅಪರಾಧವೆನ್ನುತ್ತದೆ. ದೂರು ಕೊಡಲು ಹೋದ ನನಗೆ ಇದು ತಿಳಿದದ್ದು ಠಾಣೆಯಲ್ಲಿ. ಅಕ್ಕ ತಂದಿದ್ದ ಸದಸ್ಯತ್ವದ ಅರ್ಜಿಯಲ್ಲಿ 'ಸೇರಿಸಿದವರು' ಎಂಬಲ್ಲಿ ಇದ್ದುದು ನನ್ನದೇ ಸಹಿ.

ಅವಳ ಹಣವನ್ನು ಮರುವರ್ಷದ ಕಾಫಿ ಮಾರಿ ತೀರಿಸಿದೆ. ರೈಟರಿಗೆ ಇನ್ನೂ 6,000 ಕೊಡಬೇಕು.